ಅತ್ತೆಯ ಬಲಗಣ್ಣು

ನನ್ನ ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣಲ್ಲಿ ಅಷ್ಟೋ ಇಷ್ಟೋ ಕಾಣುತ್ತಿತ್ತು. ಬಲಗಣ್ಣಲ್ಲಿ ಬಾಗಿಲು ಯಾವುದು, ಕಿಟಕಿ ಯಾವುದು ಅನ್ನುವಷ್ಟು ಮಾತ್ರ. ನಂಜನಗೂಡಿನ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು, “ಬಲಗಣ್ಣು ಮೊದಲು ಮಾಡೋಣ, ಇನ್ನೂ ತಡ ಮಾಡಿದ್ರೆ ಕಷ್ಟ” ಎಂದು ತಾರೀಕು ಬರೆದುಕೊಟ್ಟರು. ಅತ್ತೆ ತಲೆಯಾಡಿಸಿಯೇ ಬಂದಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು, ಸ್ತೋತ್ರ ಎಂದೆ. ನಾನು ಹಾಗೆಯೇ, ಹಾಲು ಉಕ್ಕುವ ಮುಂಚೆ ಒಲೆ ಆರಿಸಿದರೂ ದೇವರಿಗೊಂದು ಸ್ತೋತ್ರ ಹೇಳುವವಳು.

ಕೆಲಸ ಕೆಟ್ಟದ್ದು ನನ್ನ ಓದಿನಿಂದ. ಅತ್ತೆಗೆ ಅಕ್ಷರ ಕಾಣದಾದ ಮೇಲೆ ಸಂಜೆ ಪ್ರಾರ್ಥನೆಗೆ ಸತ್ಯವೇದ, ಅಂದರೆ ಬೈಬಲ್ಲು, ಓದುವುದು ನನ್ನ ಪಾಲು. ಅವತ್ತು ಕರ್ತರು ಬೆಟ್ಟದ ಮೇಲೆ ಕೂತು ಬೋಧಿಸಿದ ಭಾಗ. ಬಲಗಣ್ಣು ಪಾಪಕ್ಕೆ ಎಳೆದರೆ ಕಿತ್ತು ಎಸೆಯಬೇಕು ಅನ್ನುವಲ್ಲಿಗೆ ಬಂದೆ, ಓದಿ ಮುಂದೆ ಹೋದೆ. ಅತ್ತೆ ಕೈ ಎತ್ತಿ ನಿಲ್ಲಿಸಿದರು.

“ಬಲಗಣ್ಣು ಅಂತ್ಲೇ ಐತಾ?”

“ಹೌದು ಅತ್ತೆ.”

“ಹಂಗಾದ್ರೆ ಆಪ್ರೇಸನ್ ಬ್ಯಾಡ ಕಣವ್ವ. ದೇವ್ರೇ ಕೀಳ್ತಾ ಅವ್ನೆ. ಅಡ್ಡ ಬರಕ್ಕೆ ನಾವ್ಯಾರು?”

ನನ್ನ ಯಜಮಾನರು ನಕ್ಕುಬಿಟ್ಟರು. “ಅಲ್ಲಮ್ಮಾ, ಕೆಟ್ಟ ಕಣ್ಣಲ್ಲಿ ನೀನು ಯಾರನ್ನ ನೋಡ್ದೆ?”

“ಮುಚ್ಚೋ ಬಾಯ. ಹಸ ನೋಡ್ದೆ.”

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೊರಬಂತು. ಎಂಟು ವರ್ಷದ ಹಿಂದೆ ನರಸೀಪುರದಲ್ಲಿರುವ ಅವರ ತಂಗಿ ಹಸು ಕೊಂಡಿದ್ದರಂತೆ. ಅತ್ತೆ ನೋಡಲು ಹೋದವರು, “ಏನ್ ಕೆಚ್ಚಲೇ ಇದು!” ಅಂದರಂತೆ. ಮೂರೇ ದಿನಕ್ಕೆ ಹಾಲು ನಿಂತಿತು. ತಂಗಿ ನಾಲ್ಕು ಜನರ ಎದುರಿಗೆ, “ನಿನ್ನ ಕಣ್ಣೇ ಬಿದ್ದಿದ್ದು” ಎಂದುಬಿಟ್ಟರು. ಅಂದಿನಿಂದ ಹೋಗಿ ಬರುವುದು ನಿಂತಿತ್ತು. ಕಾರಣ ನಮಗೆ ಗೊತ್ತೇ ಇರಲಿಲ್ಲ.

ನಮ್ಮ ಮನೆಯಲ್ಲಿ ದೃಷ್ಟಿ ತೆಗೆಯುವುದಿಲ್ಲ. ನನ್ನ ಮಕ್ಕಳ ಕೆನ್ನೆಗೆ ಪಕ್ಕದ ಮನೆಯವರು ಕಪ್ಪಿಟ್ಟರೆ, ಸೆರಗಿನಲ್ಲಿ ಒರೆಸಿ ಹಾಕುತ್ತಿದ್ದವರು ಇದೇ ಅತ್ತೆ. ಆದರೆ ಒಳಗೊಳಗೇ ತಂಗಿಯ ಮಾತನ್ನು ನಂಬಿದ್ದರು. ಈಗ ದೃಷ್ಟಿಯ ಕಣ್ಣು, ವಚನದ ಕಣ್ಣು, ಪೊರೆ ಬಂದ ಕಣ್ಣು ಮೂರನ್ನೂ ಒಂದೇ ಮಾಡಿಕೊಂಡು ಕೂತರು.

ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರನ್ನು ಮನೆಗೆ ಕರೆದುಕೊಂಡು ಬಂದೆ. ನಮ್ಮ ಸಭೆಯ ಬೋಧಕರು, ಒಳ್ಳೆಯ ಮನುಷ್ಯ. “ಅದು ಅಲಂಕಾರದ ಮಾತಮ್ಮ, ಅಕ್ಷರಕ್ಕೆ ಅಕ್ಷರ ತಗೋಬಾರದು” ಎಂದು ವಿವರಿಸಿ, ಕಾಫಿ ಕುಡಿದು, ಪ್ರಾರ್ಥನೆ ಮಾಡಿ ಹೋದರು. ಗೇಟು ಹಾಕಿದ ಸದ್ದು ಕೇಳುವವರೆಗೆ ಅತ್ತೆ ತಡೆದುಕೊಂಡಿದ್ದರು.

“ಅಲಂಕಾರವಂತೆ! ಕರ್ತರು ಹೂ ಮುಡಿಸು ಅಂದವ್ರಾ? ಕೀಳು ಅಂದವ್ರೆ.”

ನಗು ಬಂತು. ಆದರೆ ಕಷ್ಟದ ವಚನ ಬಂದಾಗಲೆಲ್ಲ ಅಲಂಕಾರ ಎಂದುಕೊಂಡು ನಾನೂ ಎಷ್ಟೋ ಸಲ ಸಲೀಸಾಗಿ ದಾಟಿಕೊಂಡಿದ್ದೇನೆ. ಅತ್ತೆಗೆ ಹಾಗೆ ದಾಟಲು ಬಾರದು. ಡಾಕ್ಟರು ಕೊಟ್ಟ ತಾರೀಕಿಗೆ ನಾಲ್ಕೇ ದಿನ ಉಳಿದಿತ್ತು.

ಮಾರನೇ ದಿನ ಸೊಪ್ಪು ಸೋಸುತ್ತಾ ಕೂತಿದ್ದಾಗ ಕೇಳಿದೆ. “ಅತ್ತೆ, ಬಲಗಣ್ಣು ಈಗ ಹೋದಂಗೇ ಅಲ್ವಾ?”

“ಊಂ.”

“ಆ ಹಸ ನೆನಸ್ಕೊಳ್ಳಿ. ಈಗ ಹೊಟ್ಟೆ ಉರಿಯಲ್ವಾ?”

ಅತ್ತೆ ಸುಳ್ಳು ಹೇಳುವವರಲ್ಲ. ಕೈಯಲ್ಲಿದ್ದ ಸೊಪ್ಪಿನ ದಂಟು ಮುರಿದು ಪಕ್ಕಕ್ಕೆ ಹಾಕಿದರು. “ಉರೀತದೆ,” ಅಂದರು.

“ಮತ್ತೆ ಕಣ್ಣು ಹೋಗಿ ಏನ್ ಬಂತು?”

ನಾನು ಸೊಪ್ಪು ತೊಳೆದು ಬರುವ ಹೊತ್ತಿಗೆ ಬೇರೆ ಸೀರೆ ಉಟ್ಟು ನಿಂತಿದ್ದರು. “ಕೀಳಬೇಕಾಗಿರಾದು ಬೇರೆ ಐತೆ. ನರಸೀಪುರಕ್ಕೆ ಬಸ್ಸು ಎಷ್ಟೊತ್ಗೆ?”

ಮುಂದಿನ ಬಸ್ಸಿಗೇ ಇಬ್ಬರೂ ಹೊರಟೆವು. ಆ ತಂಗಿ, ಅಂದರೆ ನನ್ನ ಚಿಕ್ಕತ್ತೆಯ ಮನೆ ಬಾಗಿಲಲ್ಲಿ ಅತ್ತೆ ಚಪ್ಪಲಿ ಕೂಡ ಬಿಡದೆ ಹೇಳಿದರು. “ನಿನ್ ಹಸ ನೋಡಿ ನಂಗೆ ಹೊಟ್ಟೆ ಉರೀತು ಕಣೇ. ನಂದೇ ಕಣ್ಣು ಬಿದ್ದಿದ್ದು. ಕ್ಷಮಿಸ್ಬುಡು.”

ಚಿಕ್ಕತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. “ಅಯ್ಯೋ ಅಕ್ಕ, ಅದು ಗಬ್ಬದ ಹಸ. ಮಾರಿದೋನು ಹೇಳಿರ್ಲಿಲ್ಲ. ಏಳು ತಿಂಗಳಾಗಿತ್ತು, ಹಾಲು ಬತ್ತಿಸ್ತು. ಆಮೇಲೆ ಕರ ಹಾಕ್ತು, ಚೆನ್ನಾಗೇ ಕರೀತು. ಗೊತ್ತಾದ ದಿನವೇ ಬಂದು ಹೇಳಬೇಕಿತ್ತು, ನಂಗೆ ಮುಖ ಇರ್ಲಿಲ್ಲ.”

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡೆ. ಅತ್ತೆ ಬಿಡಲಿಲ್ಲ. “ಹಾಲು ನಿಂತಿದ್ದು ನನ್ನಿಂದಲ್ಲ, ಸರಿ. ನಿಂತೋಗ್ಲಿ ಅಂತ ಅಂದ್ಕೊಂಡಿದ್ದು ನಾನೇ ಅಲ್ವಾ?”

ಚಿಕ್ಕತ್ತೆ ಅಕ್ಕನ ರಟ್ಟೆ ಹಿಡಿದರು. “ಕ್ಷಮಿಸಿವ್ನಿ ನಡಿ. ಬೀದೀಲೇ ಎಲ್ಲಾ ಮುಗಿಸ್ಬ್ಯಾಡ, ಉಣ್ಣು ಬಾ.”

ಕರ್ತರು ಯಾರ ಕೈಗೂ ಚಾಕು ಕೊಡಲಿಲ್ಲ ಎಂದೇ ನಂಬುತ್ತೇನೆ. ಆದರೆ ಪಾಪ ಕೀಳುವಾಗ ಮೈಯ ತುಂಡನ್ನೇ ಕಿತ್ತಂತೆ ನೋವಾಗುತ್ತದೆ ಎನ್ನುವುದು ಅಕ್ಷರಕ್ಕೆ ಅಕ್ಷರ ನಿಜ. ಎಪ್ಪತ್ತು ದಾಟಿದ ಹೆಂಗಸು ತಂಗಿಯ ಬಾಗಿಲಲ್ಲಿ ಹಾಗೆ ನಿಂತದ್ದನ್ನು ನೋಡಿದ ಮೇಲೆ, ಅದು ಬರೀ ಮಾತಿನ ಚೆಂದಕ್ಕೆ ಹೇಳಿದ್ದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹೇಳಿದ ತಾರೀಕಿಗೇ ಆಪರೇಷನ್ ಆಯಿತು. ಮರುದಿನ ಬ್ಯಾಂಡೇಜು ಬಿಚ್ಚುವ ಹೊತ್ತಿಗೆ ಚಿಕ್ಕತ್ತೆಯೂ ಬಂದಿದ್ದರು. ಅತ್ತೆ ಬಲಗಣ್ಣು ಪಿಳಿಪಿಳಿ ಬಿಟ್ಟು, ಗೋಡೆ ನೋಡಿ, ನನ್ನನ್ನು ನೋಡಿ, ಆಮೇಲೆ ತಂಗಿಯ ಕಡೆ ತಿರುಗಿದರು.

“ಸೀರೆ ಹೊಸದಾ? ಬಾಳ ಚೆನ್ನಾಗೈತೆ,” ಎಂದವರು ತಟ್ಟನೆ ಗಾಬರಿಯಿಂದ ಮುಖ ಕೆಳಗೆ ಹಾಕಿದರು.

ಚಿಕ್ಕತ್ತೆ ಮಂಚದ ಹತ್ತಿರ ಸರಿದು ಸೆರಗು ಬಿಡಿಸಿ ಹಿಡಿದರು. “ನೋಡ್ಕೋ ಅಕ್ಕ, ಚೆನ್ನಾಗಿ ನೋಡ್ಕೋ. ನಿಂಗೆ ಕಾಣ್ಲಿ ಅಂತ್ಲೇ ಉಟ್ಕೊಂಡು ಬಂದಿದ್ದು.”