ಮುಳ್ಳು ತೆಗೆದ ಬಾಗಿಲು

ಒಂದು ಮನೆಯಲ್ಲಿ ಯಾರೂ ವಾಸವಿಲ್ಲ ಎಂದು ತೀರ್ಮಾನಿಸುವ ಹಕ್ಕು ಯಾರಿಗಿದೆ, ಹೇಳಿ? ಬೀಗ ನೋಡಿ ಬರೆದುಕೊಂಡು ಹೋಗುವ ಅಧಿಕಾರಿಗೋ, ಆ ಬೀಗ ಹಾಕಿ ಹೊರಗೆ ನಿಂತವರಿಗೋ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ವಾದಿಸಿ ಗೆದ್ದವಳು ನಾನು. ಈ ಪ್ರಶ್ನೆಯ ಎದುರು ಮಾತ್ರ ನನಗೆ ಎರಡನೆಯ ಪಕ್ಷ ಸಿಗುವುದಿಲ್ಲ. ಕಾರಣ, ನಮ್ಮ ಪಕ್ಕದ ಮನೆ.

ನಮ್ಮದು ಹಂಪಿಗೂ ಕಂಪ್ಲಿಗೂ ನಡುವೆ ಕಾಲುವೆಯ ದಂಡೆಯಲ್ಲಿರುವ ಸಣ್ಣ ಊರು. ಸುತ್ತ ಭತ್ತ, ಬಾಳೆ. ನಾನು ಬಸ್ಸಿನಲ್ಲಿ ಹೊಸಪೇಟೆಗೆ ಹೋಗಿ ಪಾಠ ಹೇಳಿ ಸಂಜೆ ಮರಳುತ್ತೇನೆ. ಹಂಪಿ ನೋಡಲು ಬಂದವರಿಗೆ ಕೋಣೆ ಬಾಡಿಗೆಗೆ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಮೊದಲು ಮನೆಯವರೇ ಕೊಡುತ್ತಿದ್ದರು. ಆಮೇಲೆ ಹೊರಗಿನವರು ಬಂದು ಮನೆಗಳನ್ನು ಗುತ್ತಿಗೆಗೆ ಹಿಡಿದರು. ಓಣಿಯ ಒಂದು ಮಗ್ಗುಲಿನಲ್ಲಿ ಮುಂಜಾನೆ ಅಂಗಳಕ್ಕೆ ನೀರು ಹಾಕುವವರೇ ಇಲ್ಲವಾದರು. ಹೊಲಗಳಲ್ಲಿ ಗುಡಿಸಲುಗಳೆದ್ದು ಸ್ಪೀಕರುಗಳು ಕೂಗತೊಡಗಿದವು. ಊರವರು ಕೂಡಿ ಮೊರೆಯಿಟ್ಟ ಮೇಲೆ ನಿಯಮ ಬಂತು. ನಕ್ಷೆಯಲ್ಲಿ ಮನೆಗಳಿರುವ ಭಾಗಕ್ಕೆ ಹಳದಿ, ಹೊಲಗಳಿಗೆ ಹಸಿರು. ಹಸಿರಿನಲ್ಲಿ ಬಾಡಿಗೆ ಕೋಣೆ ಕೂಡದು. ಹಳದಿಯಲ್ಲಿ ಕೊಡಬಹುದು, ಆದರೆ ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು. ಖಾಲಿ ಮನೆಯ ಪರವಾನಗಿ ರದ್ದು. ಹೊಸದನ್ನು ಇನ್ನು ಯಾರಿಗೂ ಕೊಡುವುದಿಲ್ಲ.

ಗುತ್ತಿಗೆದಾರರು ಜಾಗ ಖಾಲಿ ಮಾಡಿದರು. ಅವರು ಗೋಡೆಗಳ ಮೇಲೆ ಬರೆಸಿದ್ದ ಹೆಸರುಗಳಿಗೆ ಸುಣ್ಣ ಬಳಿಯಲಾಯಿತು. ಮಳೆಗೆ ಗೋಡೆ ನೆನೆದಾಗ ಆ ಅಕ್ಷರಗಳು ಸುಣ್ಣದ ಹಿಂದಿನಿಂದ ಮೂಡಿ ಬರುತ್ತವೆ, ಬಿಸಿಲಿಗೆ ಮತ್ತೆ ಒಳಗೆ ಹೋಗುತ್ತವೆ. ಆ ನಿಯಮದ ಪರವಾಗಿ ನಾನು ಸಭೆಯಲ್ಲಿ ಮಾತನಾಡಿದ್ದೆ. ಈಗಲೂ ಅದರ ಪರವೇ ಇದ್ದೇನೆ.

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯ ಸೊಸೆಯನ್ನು ನಾನು ಅಕ್ಕ ಎನ್ನುತ್ತೇನೆ. ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸಗಾರ. ಶಿಫ್ಟು ಮುಗಿಸಿ ಬಂದರೆ ನಿದ್ದೆ, ಎದ್ದರೆ ಬಸ್ಸು. ಓಣಿಯ ಕಡೆಗಿನ ಎರಡು ಕೋಣೆಗಳನ್ನು ಬಂದವರಿಗೆ ಕೊಟ್ಟು ಸಂಸಾರ ತೂಗಿಸುತ್ತಿದ್ದವರು ಅಕ್ಕ ಮತ್ತು ಆಕೆಯ ಅತ್ತೆ. ಭಾಷೆ ತಿಳಿಯದ ಪ್ರವಾಸಿಗರ ಎದುರು ಮುದುಕಿ ತನ್ನ ಕಾಲಿಗೆ ತಾನೇ ಒಂದು ಚೊಂಬು ನೀರು ಸುರಿದುಕೊಂಡು ತೋರಿಸುತ್ತಿದ್ದಳು. ಹಾಗೆ ತೊಳೆದುಕೊಳ್ಳದೆ ಯಾರೂ ಹೊಸ್ತಿಲು ದಾಟುವಂತಿರಲಿಲ್ಲ. ಹಲ್ಲಿಲ್ಲದ ಆಕೆ ಮುಂಜಾನೆ ಎಲೆ ಅಡಿಕೆಯನ್ನು ಕಲ್ಲಿನಲ್ಲಿ ಕುಟ್ಟುವ ಸದ್ದಿಗೇ ನಮ್ಮ ಮನೆ ಏಳುತ್ತಿತ್ತು.

ಒಂದು ಮಳೆಗಾಲದಲ್ಲಿ ಆಕೆ ಒಳಗಿನ ಕೋಣೆಯಲ್ಲಿ ತೀರಿಕೊಂಡಳು. ಪಂಚಾಂಗ ನೋಡಿದ ಅಯ್ನೋರು, ನಕ್ಷತ್ರ ಕೆಟ್ಟದ್ದು, ಆರು ತಿಂಗಳು ಮನೆ ಬಿಡಬೇಕು ಎಂದರು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಮಾತು. ಅಂಥ ನಕ್ಷತ್ರದಲ್ಲಿ ಹೋದವರು ಕೂಡಲೇ ಹೋಗುವುದಿಲ್ಲ. ಅವಧಿ ತುಂಬುವವರೆಗೆ ಮನೆ ಅವರದು. ಇದ್ದವರು ಹೊರಗೆ ಬಂದು, ಬಾಗಿಲಿಗೆ ಬೀಗ ಹಾಕಿ, ಅಡ್ಡಲಾಗಿ ಜಾಲಿಮುಳ್ಳು ಕಟ್ಟುತ್ತಾರೆ. ಅವಧಿ ಮುಗಿದ ಮೇಲೆ ಶಾಂತಿ ಮಾಡಿಸಿ ಒಳಗೆ ಹೋಗುತ್ತಾರೆ. ಅಕ್ಕನ ಸಂಸಾರ ಬಾಳೆತೋಟದ ಶೆಡ್ಡಿಗೆ ಹೋಯಿತು.

ನಕ್ಷತ್ರವನ್ನು ನಾನು ನಂಬುವವಳಲ್ಲ. ಆದರೂ ಆ ಮಳೆಗಾಲದ ಮುಂಜಾನೆಗಳಲ್ಲಿ ಎಚ್ಚರವಾದೊಡನೆ ನನ್ನ ಕಿವಿ ಗೋಡೆಯತ್ತ ಹೋಗುತ್ತಿತ್ತು. ಕುಟ್ಟುವ ಸದ್ದು ಕೇಳಿತೆಂದು ನಾನು ಹೇಳುವುದಿಲ್ಲ. ಕೇಳಲಿಲ್ಲವೆಂದು ಪ್ರಮಾಣ ಮಾಡಲೂ ಆರೆ.

ಮಳೆ ನಿಂತು, ಪ್ರವಾಸಿಗರು ಬರುವ ದಿನಗಳು ಹತ್ತಿರವಾದಾಗ ಪರಿಶೀಲನೆಯ ಅಧಿಕಾರಿ ಬಂದರು. ಸೌಮ್ಯ ಮನುಷ್ಯ. ಮುಳ್ಳು ಕಟ್ಟಿದ ಬಾಗಿಲಿನ ಎದುರು ನಿಂತು, “ಯಾರೂ ಇಲ್ಲೇನ್ರಿ ಈ ಮನ್ಯಾಗ?” ಎಂದು ಕೇಳಿದರು.

ಎದುರುಕಟ್ಟೆಯ ಮುದುಕ ಬೀಡಿ ಆರಿಸಿ ಹೇಳಿದ: “ಅದಾಳ್ರಿ ಸಾಹೇಬ್ರ, ಮುದುಕಿ ಒಳಗ ಅದಾಳ. ನೀವ ಹೋಗಿ ಮಾತಾಡಿಸಿ ಬರ್ರಿ. ಕಾಲು ಮಾತ್ರ ತೊಳಕೊಂಡು ಹೋಗ್ರಿ, ಇಲ್ಲಾಂದ್ರ ಬೈತಾಳ.”

ಓಣಿ ನಕ್ಕಿತು. ಅಧಿಕಾರಿಯೂ ನಕ್ಕರು, ಆದರೆ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಕ್ಕರು. ನಾನು ಮುಂದೆ ಹೋಗಿ ವಾದಿಸಿದೆ. ಇದು ತೊರೆದ ಮನೆಯಲ್ಲ, ಶೋಕದ ಮನೆ. ನಿಯಮದ ಗುರಿ ಗುತ್ತಿಗೆದಾರರು, ಇವರಲ್ಲ. ಉದ್ದೇಶವನ್ನು ಬಿಟ್ಟು ಅಕ್ಷರವನ್ನು ಹಿಡಿದರೆ ನಿಯಮಕ್ಕೇ ಅನ್ಯಾಯ.

ಅವರು ತಾಳ್ಮೆಯಿಂದ ಕೇಳಿದರು. “ಮೇಡಂ, ನೀವು ಹೇಳೋದು ನನಗ ತಿಳಿತೈತ್ರಿ. ನಮ್ಮ ತಾಯಿ ಹೋದಾಗ ನಾವೂ ಮನಿ ಬಿಟ್ಟಿದ್ವಿ. ಆದ್ರ ಈ ಫಾರ್ಮಿನ್ಯಾಗ ನಕ್ಷತ್ರ ಅಂತ ಕಾಲಂ ಇಲ್ಲ. ವಾಸ ಅದಾರ, ವಾಸ ಇಲ್ಲ. ಎರಡ. ಸೋಮವಾರ ಮತ್ತ ಬರ್ತೀನಿ. ಒಲಿ ಉರೀತಿದ್ರ ಅದಾರ ಅಂತ ಬರ್ಕೋತೀನಿ.”

ಆ ಪರವಾನಗಿ ಹೋದರೆ ಅಕ್ಕನ ಪಾಲಿಗೆ ಇನ್ನೊಂದು ಇರಲಿಲ್ಲ. ತೋಟದ ಶೆಡ್ಡು ಹಸಿರಿನಲ್ಲಿತ್ತು. ಅವಧಿ ಇನ್ನೂ ಅರ್ಧ ಉಳಿದಿತ್ತು. ಗಂಡ ಫೋನಿನಲ್ಲಿ, “ನೀ ಹೆಂಗಂತಿ ಹಂಗ” ಎಂದಷ್ಟೇ ಹೇಳಿದ. ಭಾನುವಾರ ಹೊತ್ತೇರಿದ ಮೇಲೆ ಅಕ್ಕ ನಮ್ಮ ಬಾಗಿಲಿಗೆ ಬಂದಳು.

“ತಂಗಿ, ನೀ ಇದನ್ನೆಲ್ಲ ನಂಬಂಗಿಲ್ಲಲ್ಲ, ನಿನಗೇನೂ ಆಗಂಗಿಲ್ಲ. ಜೋಡಿ ಬಾ.”

ಆಕೆ ಮುಳ್ಳು ಬಿಚ್ಚುತ್ತಿದ್ದಾಗಲೇ ಮುದುಕಿಯ ಮಗಳು, ಪಾಪಿನಾಯಕನಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದವಳು, ಬಂದು ನಿಂತಳು. ಸುದ್ದಿ ಹೇಗೋ ಅಲ್ಲಿಗೆ ಮುಟ್ಟಿತ್ತು. ಓಣಿಯ ನಡುವೆಯೇ ನಿಂತು ಕೂಗಿದಳು: “ವೈನಿ, ಅವಧಿ ತುಂಬಿಲ್ಲ! ನಿನ್ನ ಗಿರಾಕಿಗಳ ಸಲುವಾಗಿ ನಮ್ಮವ್ವನ್ನ ಕಾಲು ಹಿಡದು ಹೊರಗ ಎಳೀತಿಯೇನು?”

“ಎಳ್ಯಾಕ ಬಂದಿಲ್ಲವ್ವ, ಅಕಿ ಜೋಡಿ ಇರಾಕ ಬಂದೀನಿ” ಎಂದಳು ಅಕ್ಕ. ತಿರುಗಿ ನೋಡಲಿಲ್ಲ. ಕೈಗೆ ಮುಳ್ಳು ಚುಚ್ಚಿ ರಕ್ತ ಬಂದಿತ್ತು.

ಒಳಗೆ ಕತ್ತಲೆ, ಮುಚ್ಚಿಟ್ಟ ಮಣ್ಣಿನ ತಂಪು. ಮುದುಕಿ ತೀರಿಕೊಂಡ ಜಾಗದಲ್ಲಿ ಜೋಳದ ಹಿಟ್ಟು ಹರಡಿ ಬುಟ್ಟಿ ಮುಚ್ಚಿದ್ದರು; ಹೋದವರು ಬಂದರೆ ಹಿಟ್ಟಿನಲ್ಲಿ ಗುರುತು ಮೂಡುತ್ತದೆಂಬ ನಂಬಿಕೆ. ಅಕ್ಕ ಬುಟ್ಟಿ ಎತ್ತಿ ನೋಡಲಿಲ್ಲ. ನಂಬದ ನಾನೂ ಎತ್ತಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಆಕೆ ನಿಂತಳು. ಒಲೆಯ ಮುಂದೆ ಬರಿಯ ನೆಲ. ಆ ನೆಲದ ಕಡೆಗೆ ನೋಡುತ್ತ, ದಿನವೂ ಹೇಳುವ ದನಿಯಲ್ಲಿಯೇ ಹೇಳಿದಳು: “ಅತ್ತಿ, ಒಂದೀಟು ಅತ್ತಾಗ ಸರೀರಿ. ಒಲಿ ಹಚ್ಚಬೇಕು.”

ಮತ್ತು ಕಾದಳು. ಸರಿಯಲು ಮುದುಕಿಗೆ ಎಷ್ಟು ಹೊತ್ತು ಬೇಕಾಗುತ್ತಿತ್ತೋ ಅಷ್ಟು ಹೊತ್ತು ಕಾದು, ಆಮೇಲೆ ಕುಳಿತು ಕಡ್ಡಿ ಗೀರಿದಳು. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಯಾರಿಗೋ ದಾರಿ ಬಿಟ್ಟು ನಿಂತಂತೆ.

ಹೊರಗೆ ಬಂದಾಗ ನಾದಿನಿ ಅಲ್ಲಿರಲಿಲ್ಲ. ಹೊಗೆ ಕಂಡೊಡನೆ ಬಸ್ಸು ಹಿಡಿಯಲು ಹೋದಳೆಂದು ಕಟ್ಟೆಯ ಮುದುಕ ಹೇಳಿದ. ಈ ಸಲ ಅವನು ನಗಿಸಲಿಲ್ಲ.

ಸೋಮವಾರ ಅಧಿಕಾರಿ ಉರಿಯುವ ಒಲೆ ನೋಡಿ ವಾಸವಿದ್ದಾರೆ ಎಂದು ಬರೆದುಕೊಂಡರು. ಪರವಾನಗಿ ಉಳಿಯಿತು. ಚಳಿಗಾಲಕ್ಕೆ ಪ್ರವಾಸಿಗರು ಬಂದರು, ನಕ್ಕರು, ಚಿತ್ರ ತೆಗೆದುಕೊಂಡು ಹೋದರು. ಆರು ತಿಂಗಳು ಕಳೆದಾಗ ಅಕ್ಕ ಶಾಂತಿ ಮಾಡಿಸಲು ಅಯ್ನೋರ ಬಳಿ ಹೋದಳು. ಅವರು ಒಪ್ಪಲಿಲ್ಲ. ತುಂಬಿದ ಅವಧಿಗೆ ಶಾಂತಿ ಉಂಟು, ಮುರಿದ ಅವಧಿಗೆ ಇಲ್ಲ ಎಂದರು.

ಹೀಗೆ ಆ ಮನೆಯಲ್ಲಿ ಒಂದು ಸಾವು ಮುಗಿಯದೆ ಉಳಿದಿದೆ. ಅಕ್ಕ ಇಂದಿಗೂ ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತೇ ಒಳಗೆ ಹೋಗುತ್ತಾಳೆ. ಒಳಗಿನ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ. ನಾದಿನಿ ಮೊನ್ನೆ ಕಂಪ್ಲಿಯ ಸಂತೆಯಲ್ಲಿ ಎದುರಾದಾಗ, “ನಮ್ಮವ್ವ ಹೆಂಗದಾಳ?” ಎಂದು ಕೇಳಿ ಮುಂದೆ ನಡೆದಳಂತೆ. ಅದು ಕೊಂಕೋ, ನಿಜವಾದ ವಿಚಾರಣೆಯೋ ತಿಳಿಯದೆ ಅಕ್ಕ ಚೀಲ ಹಿಡಿದು ಅಲ್ಲೇ ನಿಂತಿದ್ದಳಂತೆ.

ನಕ್ಷತ್ರ ಸುಳ್ಳೆಂದು ನಾನು ಇಂದಿಗೂ ವಾದಿಸಬಲ್ಲೆ. ಆದರೆ ಜೀವನೋಪಾಯ ಬೇಕೋ, ಸತ್ತವರ ಜೊತೆಗಿನ ನಡವಳಿಕೆ ಬೇಕೋ ಎಂದು ಒಬ್ಬ ಹೆಣ್ಣುಮಗಳನ್ನು ಒಲೆಯ ಮುಂದೆ ನಿಲ್ಲಿಸುವ ಅಧಿಕಾರ ಯಾವ ನಕ್ಷೆಯ ಬಣ್ಣಕ್ಕೂ ಇಲ್ಲ. ಈಗ ನಮ್ಮ ನಿಯಮದ ಪರಿಷ್ಕರಣೆಗೆ ಆಕ್ಷೇಪಣೆ ಕರೆದಿದ್ದಾರೆ. ಸಾವಿನ ಕಾರಣಕ್ಕೆ ಮುಚ್ಚಿದ ಮನೆಯನ್ನು ಒಂದು ವರ್ಷದವರೆಗೆ ವಾಸದ ಮನೆಯೆಂದೇ ಪರಿಗಣಿಸಬೇಕು ಎಂದು ನಾನು ಬರೆದು ಕೊಟ್ಟಿದ್ದೇನೆ. ನಿಮ್ಮ ಊರಿನಲ್ಲಿಯೂ ಮನೆ ಬಾಡಿಗೆಯ ಇಂಥ ನಿಯಮದ ಕರಡು ಪಂಚಾಯ್ತಿಯ ಗೋಡೆಗೆ ಬಂದಿದ್ದರೆ, ದಯವಿಟ್ಟು ನಿಂತು ಓದಿ, ಈ ಒಂದು ವಾಕ್ಯ ಅದರಲ್ಲಿ ಇಲ್ಲದಿದ್ದರೆ ಸೇರಿಸಿರೆಂದು ಬರೆದು, ಸಹಿ ಹಾಕಿ ಕೊಡಿ.