ಐತವಾರದ ಮಾರನೇ ದಿನ

ಆಗ ನನಗೆ ಅರವತ್ತನಾಲ್ಕು. ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ನನಗಿಂತ ಆರು ವರ್ಷ ಚಿಕ್ಕವಳು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಇತ್ತು ಏನು, ಈಗಲೂ ಇದೆ. ಅವಳು ಏಳನೇ ಇಯತ್ತೆ ಓದಿದವಳು, ನಾನು ಎರಡನೆಯದಕ್ಕೆ ಸಾಲೆ ಬಿಟ್ಟವಳು. ಒಂದೇ ಮನೆಯಲ್ಲಿದ್ದಾಗ ಕಾಗದ ಬಂದರೆ ಅತ್ತೆ ಅವಳನ್ನು ಕರೆಯುತ್ತಿದ್ದಳು, ಸೆಗಣಿ ಬಳಿಯುವುದಿದ್ದರೆ ನನ್ನನ್ನು. ಪಾಲಾದ ಮೇಲೆ ಅವಳು ಮೂಡಲಗಿ ಸೇರಿದಳು, ನಾನು ಗೋಕಾಕ ತಾಲೂಕಿನ ನಮ್ಮ ಹಳ್ಳಿಯಲ್ಲೇ ಉಳಿದೆ.

ನಮ್ಮ ಓಣಿಗೆ ಸರ್ಕಾರದ ನಳ ಬಂದು ಒಂದೂವರೆ ವರ್ಷವಾಗಿತ್ತು. ನೀರು ಬಂದಿರಲಿಲ್ಲ. ನಳದ ಮೇಲೆ ಸೊಸೆ ಒದ್ದೆ ಬಟ್ಟೆ ಒಣಹಾಕುತ್ತಿದ್ದಳು. ಅವಳು ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡವಳು. ಸುತ್ತಲಿನ ಮೂರು ತಾಲೂಕಿನ ಮಂದಿ ಇರುವ ಒಂದು ಗುಂಪು ಅವಳ ಫೋನಿನಲ್ಲಿ ಇತ್ತು. ಒಂದು ದಿನ ನಳದ ಫೋಟೋ ತೆಗೆಸಿ, ನಾನು ಹೇಳಿದ್ದನ್ನು ಅವಳ ಕೈಯಿಂದ ಬರೆಸಿ ಆ ಗುಂಪಿಗೆ ಹಾಕಿಸಿದೆ: "ಈ ನಳಕ್ಕ ಬಾಯಿ ಐತಿ, ನೀರಿಲ್ಲ. ನನಗೂ ಬಾಯಿ ಐತಿ, ಅದಕ್ಕ ಕೇಳಾಕತ್ತೇನಿ."

ಸಂಜೆಯೊಳಗೆ ಹುಕ್ಕೇರಿ, ಯಮಕನಮರಡಿ, ಎಲ್ಲೆಲ್ಲಿಂದಲೋ ಮಂದಿ ತಮ್ಮ ಒಣ ನಳದ ಫೋಟೋ ಹಾಕಿದರು. ಅಜ್ಜಿ ಹೇಳಿದ್ದು ಖರೆ ಎಂದರು. ಜನ್ಮದಲ್ಲಿ ನನ್ನ ಮಾತನ್ನು ಅಷ್ಟು ಜನ ಕೇಳಿದ್ದು ಅದೇ ಮೊದಲು. ರೊಟ್ಟಿ ಬಡಿಯುವಾಗಲೂ ಸೊಸೆಯಿಂದ ಓದಿಸಿ ಓದಿಸಿ ಕೇಳಿದೆ. ಎರಡನೇ ದಿನ ಪಂಚಾಯಿತಿಯಿಂದ ಇಬ್ಬರು ಬಂದು ಪೈಪು ನೋಡಿ, ಏನೋ ಬರೆದುಕೊಂಡು ಹೋದರು. ಇನ್ನೇನು ನೀರು ಬಂದೇಬಿಟ್ಟಿತು ಅಂದುಕೊಂಡೆ.

ಮೂರನೇ ದಿನ ಗಾಳಿ ತಿರುಗಿತು. ನಮ್ಮಲ್ಲಿ ಚೆನ್ನಾಗಿ ನೀರು ಬರುತ್ತದೆ ಎಂದು ಒಬ್ಬ. ಈ ಮುದುಕಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದು ಇನ್ನೊಬ್ಬಳು. ಇವಳ ಮನೆಯಲ್ಲಿ ಸ್ವಂತ ಬೋರ್ ಇದೆ, ಸುಮ್ಮನೆ ನಾಟಕ ಎಂದು ಮತ್ತೊಬ್ಬ. ಬೋರ್ ಇದ್ದದ್ದು ಖರೆ, ಅದು ಬತ್ತಿ ಆರು ವರ್ಷವಾಗಿತ್ತು. ಗುರುತಿಲ್ಲದವನಿಗೆ ನಮ್ಮ ಹಿತ್ತಲಿನ ಬೋರ್ ಹೇಗೆ ಗೊತ್ತು? ಹೌದು ಅಂದಿದ್ದ ಮಂದಿ ಒಬ್ಬೊಬ್ಬರೇ ಸುಮ್ಮನಾದರು. ಪೈಪು ನೋಡಿ ಹೋದವರು ಮತ್ತೆ ಬರಲಿಲ್ಲ.

ಆ ಸಂಜೆ ಸೊಸೆ ಓದುತ್ತ ನಕ್ಕಳು. "ಅತ್ತಿ, ಇಕಿ ನಿಡಸೋಸಿ ಕಡಿ ಟೀಚರ ಅಂತ್ರಿ. ಐತವಾರದ ಮಾರನೇ ದಿನ, ಗುರುವಾರ, ಶನಿವಾರ ತಪ್ಪದ ನೀರು ಬರತೈತಿ ಅಂತ ಬರದಾಳ. ಟೀಚರ ಆಗಿ ವಾರದ ಹೆಸರು ಬರೂದಿಲ್ಲೇನು ಇಕಿಗೆ?"

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಭಾನುವಾರ ಕಳೆದು ಬರುವ ಆ ವಾರದ ಹೆಸರಿನಲ್ಲಿ ನಮ್ಮ ಮಾವನ ಹೆಸರಿತ್ತು. ಸೊಸೆಯಾದವಳು ಮಾವನ ಹೆಸರು ಹೇಳಬಾರದು. ಅತ್ತೆ ಅದನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ನಾವು ಆ ವಾರದ ಹೆಸರನ್ನೇ ಬಿಟ್ಟು, ಐತವಾರದ ಮಾರನೇ ದಿನ ಅನ್ನುತ್ತಿದ್ದೆವು. ಮಾವ ಸತ್ತು ಮೂವತ್ತು ವರ್ಷವಾದರೂ ಅದು ನನ್ನ ಬಾಯಿಗೆ ಬರುವುದಿಲ್ಲ, ಈಗ ಸೊಸೆಯಿಂದ ಇದನ್ನು ಬರೆಸುವಾಗಲೂ ಬರುತ್ತಿಲ್ಲ. ಹಾಗೆ ಹೇಳುವ ಹೆಂಗಸರು ಉಳಿದದ್ದು ಇಬ್ಬರೇ. ಒಬ್ಬಳು ನಾನು.

ಮರುದಿನ ಮೂಡಲಗಿ ಬಸ್ಸು ಹತ್ತಿದೆ. ನೆಗೆಣ್ಣಿ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಮುಂದೆ ಮೂರು ಫೋನು, ಕಣ್ಣಿಗೆ ಹೊಸ ಚಾಳೀಸು.

"ಬರ್ರಿ ಅಕ್ಕಾ. ಹೇಳದ ಕೇಳದ ಬಂದ್ರಿ?"

"ಟೀಚರಬಾಯಿನ್ನ ನೋಡಾಕ ನಿಡಸೋಸಿಗೆ ಹೊಂಟಿದ್ದೆ. ಇಲ್ಲೇ ಸಿಕ್ಕಳು."

ಅವಳು ಫೋನುಗಳನ್ನು ಸೆರಗಿನ ಕೆಳಗೆ ಸರಿಸಿದಳು. "ಯಾವ ಟೀಚರ್ರಿ?"

"ಐತವಾರದ ಮಾರನೇ ದಿನ ನೀರು ತುಂಬಾಕಿ."

ಅವಳು ನಕ್ಕುಬಿಟ್ಟಳು. "ಸುಡ್ಲಿ, ಅತ್ತಿ ಕಲಿಸಿದ್ದು ಇನ್ನೂ ಕೈಗೆ ಅಂಟಿಕೊಂಡೈತಿ."

ಆಮೇಲೆ ಎಲ್ಲ ಹೇಳಿದಳು. ಹುಕ್ಕೇರಿಯಲ್ಲಿ ಒಬ್ಬ ಆಫೀಸು ಹಾಕಿದ್ದಾನೆ. ಅವನಿಗೆ ಮೇಲಿನ ಸಾಹೇಬರು ಗುಟ್ಟಾಗಿ ಗುತ್ತಿಗೆ ಕೊಟ್ಟಿದ್ದಾರೆ. ಇವತ್ತು ಏನು ಬರೆಯಬೇಕು, ಯಾರ ಬಾಯಿ ಮುಚ್ಚಿಸಬೇಕು ಎಂಬುದು ದಿನಾ ಮುಂಜಾನೆ ಫೋನಿಗೆ ಬರುತ್ತದೆ. ಇವಳೊಬ್ಬಳ ಹತ್ತಿರವೇ ಎಂಟು ಹೆಸರು: ಟೀಚರು, ನರ್ಸು, ಕಬ್ಬಿನ ರೈತ, ಹೀಗೆ. ಎಂಟೂ ಮಂದಿ ಇವಳೇ. "ಸರ್ಕಾರದ ಕೆಲಸ ಅಕ್ಕಾ," ಎಂದಳು, ಕತ್ತು ಎತ್ತಿ.

ಸುಳ್ಳು ಬರೆಯುತ್ತಾಳೆಂದು ನನಗೆ ಸಿಟ್ಟು ಬರಬೇಕಿತ್ತು. ಮೊದಲು ಬಂದದ್ದು ಅದಲ್ಲ. ಅತ್ತೆಯ ಹಾಗೆ ಸರ್ಕಾರಕ್ಕೂ ಇವಳೇ ಬೇಕಾದಳಲ್ಲ ಅನಿಸಿತು.

"ಆ ಮುದುಕಿ ನಾನ ಅಂತ ಗೊತ್ತಿತ್ತೇನು?"

"ಗೊತ್ತಿತ್ರಿ. ಮ್ಯಾಲಿಂದ ಬಂದಿತ್ತು, ಬರದೆ."

"ಬೋರ್ ಮಾತೂ ಮ್ಯಾಲಿಂದ ಬಂದಿತ್ತೇನು?"

ಅವಳು ಚಾಳೀಸು ತೆಗೆದು ಸೆರಗಿನಿಂದ ಒರೆಸಿದಳು. "ಅದು ನಂದ. ನನ್ನ ಎಂಟು ಹೆಸರಿಗೂ ಕೂಡಿ ಅಷ್ಟು ಮಂದಿ ಬಂದಿಲ್ಲ ಅಕ್ಕಾ. ನೀವು ಎರಡು ಮಾತು ಹೇಳಿದ್ರಿ, ಮೂರು ತಾಲೂಕಿನ ಮಂದಿ ಎದ್ದು ನಿಂತ್ರು. ಹೊಟ್ಟ್ಯಾಗ ಬೆಂಕಿ ಬಿತ್ತು."

ನಲವತ್ತು ವರ್ಷದಲ್ಲಿ ಅವಳು ನನಗೆ ಹೇಳಿದ ಒಳ್ಳೆಯ ಮಾತು ಅದೊಂದೇ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟ್ಯಾಂಕರ್ ಹಾರ್ನ್ ಹೊಡೆಯಿತು. ಟೀಚರು ಫೋನು ಬಿಟ್ಟು ಎರಡು ಕೊಡ ಹಿಡಿದು ಓಡಿದಳು. ಇನ್ನೆರಡು ನಾನು ಹಿಡಿದೆ. ಪಾಳಿಯಲ್ಲಿ ನಿಂತು ಕೇಳಿದೆ, "ನಿನ್ನ ನಳ?"

"ಅದರ ಸುದ್ದಿ ಬಿಡ್ರಿ. ನಂದೂ ಒಣಗೈತಿ."

ಕೊಡ ಇಳಿಸಿದ ಮೇಲೆ ನನ್ನ ಹತ್ತಿರ ಬಂದು ಕೂತಳು. "ಅಕ್ಕಾ, ಒಂಬತ್ತನೇ ಹೆಸರು ಕೊಟ್ಟಾರ. ಹುಕ್ಕೇರಿ ಕಡಿ ಮುದುಕಿ, ಓದಾಕ ಬರೂದಿಲ್ಲ. ನಿಮ್ಮಂಗ ಮಾತಾಡಾಕ ನನಗ ಬರವಲ್ದು. ನೀವು ಫೋನಿನ್ಯಾಗ ಹೇಳ್ರಿ, ನಾ ಬರದು ಕಳಸತೇನಿ. ನೀರು ಬಂತು ಅಂತ ಅನ್ರಿ, ಸಾಕು. ಪಗಾರದಾಗ ಅರ್ಧ ನಿಮಗ. ಆದ್ರ ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ನಾಳಿ ಮುಂಜಾನಿ ಎಂಟಕ್ಕ ಫೋನ್ ಮಾಡತೇನಿ."

"ಹುಕ್ಕೇರಿಯಂವಗ ನನ್ನ ಮಾತು ಸೇರತೇನು?"

"ನಿಮ್ಮ ನಳದ ಮಾತು ನೋಡಿ, ಬರದ್ರ ಹಿಂಗ ಬರೀಬೇಕು ಅಂದ."

ಬಸ್ಸಿನಲ್ಲಿ ಬರುತ್ತ ಆ ಹುಕ್ಕೇರಿ ಮುದುಕಿಯ ಮಾತನ್ನು ಬಾಯೊಳಗೇ ಆಡಿ ನೋಡಿದೆ. ಚೆನ್ನಾಗಿ ಬಂತು. ಆಸೆಯಾಯಿತು, ಸುಳ್ಳೇಕೆ ಹೇಳಲಿ. ಮನೆಗೆ ಬಂದು ಸೊಸೆಗೆ ನಡೆದದ್ದನ್ನು ಹೇಳಿದೆ, ಆಸೆಯಾದದ್ದನ್ನು ಬಿಟ್ಟು. ಕೊಡಗಳು ಖಾಲಿ ಇದ್ದವು. ನನ್ನ ಮಾತಿಗೆ ಕೂಡಿದ್ದ ಮಂದಿಯನ್ನು ಓಡಿಸಿದವಳೇ ಈಗ ಅದೇ ಮಾತನ್ನು ಬೇಡುತ್ತಿದ್ದಳು. ನಾನು ಆಡಬೇಕು, ಸರ್ಕಾರದ ಕೆಲಸದವಳೆಂಬ ಹೆಸರು ಅವಳಿಗೆ. ಸೆಗಣಿ ಮತ್ತೆ ನನಗೇ.

ಮರುದಿನ ಮುಂಜಾನೆ ಎಂಟಕ್ಕೆ ಅವಳ ಫೋನು ಬಂತು. ಬಡಿದುಕೊಳ್ಳಲಿ ಎಂದು ಬಿಟ್ಟೆ. ಅದು ನಿಂತ ಮೇಲೆ ಸೊಸೆಯ ಮಷಿನ್ ನಿಲ್ಲಿಸಿ, ಆ ಗುಂಪಿಗೆ ಕಳಿಸಲು ನನ್ನ ಧ್ವನಿಯಲ್ಲೇ ಹೇಳಿದೆ: "ಟೀಚರ, ನರ್ಸ, ಕಬ್ಬಿನ ರೈತ, ಎಲ್ಲಾರೂ ಒಬ್ಬಾಕಿ ಅದಾಳ. ಸರ್ಕಾರದ ರೊಕ್ಕದಾಗ ಹುಕ್ಕೇರಿಯಿಂದ ಹೇಳಿಕೊಟ್ಟು ಬರಸತಾರ. ನಿನ್ನಿ ಟ್ಯಾಂಕರ್ ಪಾಳಿಯೊಳಗ ನನ್ನ ಬಾಜೂಕ ಕೊಡ ಹಿಡಕೊಂಡು ನಿಂತಿದ್ದಳು. ನಿಮ್ಮ ನಳದ ಫೋಟೋ ಮತ್ತ ಹಾಕ್ರಿ."

ಅವಳ ಹೆಸರು ಹೇಳಲಿಲ್ಲ. ಸೊಸೆ ಬೆರಳು ಎತ್ತಿ ಹಿಡಿದು ನನ್ನ ಮುಖ ನೋಡಿದಳು. "ಸಣ್ಣತ್ತಿ ಕೆಲಸ ಹೋಗತೈತ್ರಿ."

"ಹೋಗ್ಲಿ. ಒತ್ತು."

ಒತ್ತಿದಳು. ನಾನು ಹಿಟ್ಟಿನ ಪರಾತ ಎಳೆದುಕೊಂಡು ಕೂತು, ಯಾರು ಯಾರು ಬಂದರು ಓದು ಎಂದೆ.