ಓಣಿಯ ಹಾಸು, ಲಾರಿಯ ಕಾಂಕ್ರೀಟು

ಗೆಳೆಯರೇ, ಇವತ್ತು ಬನಹಟ್ಟಿಯ ನಮ್ಮ ಓಣಿಗೆ ರೆಡಿಮಿಕ್ಸ್ ಲಾರಿ ಬಂತು. "ಸಿಮೆಂಟ್ ಚೀಲಾ ತರಿಸಿ ಇಲ್ಲೇ ಕಲಸೂಣು" ಎಂದು ಹೆಂಡತಿ ಹೇಳಿದ್ದಳು. ಕಾರು ನಿಲ್ಲಿಸುವ ಜಾಗಕ್ಕೆ ಲಾರಿ ಕಾಂಕ್ರೀಟೇ ಬೇಕೆಂದು ಹಟ ಹಿಡಿದವನು ನಾನು.

ಪಕ್ಕದ ಮನೆಯ ನೇಕಾರ ಶಿವಪ್ಪಕಾಕಾ ಸೀರೆಯ ಹಾಸುನೂಲಿಗೆ ಗಂಜಿ ಹಚ್ಚಿ, ಒಣಗಲೆಂದು ಓಣಿಯುದ್ದಕ್ಕೂ ಎಳೆದು ಕಟ್ಟಿದ್ದರು. ಲಾರಿ ಓಣಿಯ ಬಾಯಲ್ಲೇ ನಿಂತಿತು.

"ಇನ್ನೂ ಹಸಿ ಐತಪಾ, ಈಗ ಬಿಚ್ಚಿದ್ರ ಎಳಿ ಹರೀತಾವು" ಎಂದರು ಕಾಕಾ.

"ತಡಾ ಆದ್ರ ನಂದು ಲಾರ್ಯಾಗ ಗಟ್ಟಿ ಆಗತೈತ್ರೀ" ಎಂದ ಡ್ರೈವರ್.

ಕಾಕಾ ಓಣಿಯವರನ್ನೆಲ್ಲ ಕೂಗಿದರು. ಮಗ್ಗ ನಿಲ್ಲಿಸಿ ಬಂದವರು ಹಾಸಿನ ಪಕ್ಕದಲ್ಲೇ ಸಾಲಾಗಿ ನಿಂತು, ಅಷ್ಟೂ ಕಾಂಕ್ರೀಟನ್ನು ಬುಟ್ಟಿಯಲ್ಲಿ ಸಾಗಿಸಿದರು. ಒಂದೆಳೆಯೂ ಹರಿಯಲಿಲ್ಲ.

"ಕಾರ್ ತರೂ ದಿನಾ ಮೊದಲ ಹೇಳು, ಅವತ್ತ ಹಾಸು ಕಟ್ಟೂದಿಲ್ಲ" ಎಂದರು ಕಾಕಾ.

ಕಾರು ತಂದ ಮರುದಿನ ಮತ್ತೆ ಹಾಸು ಕಟ್ಟಿದರೆ ಅದು ಹೊರಗೆ ಹೇಗೆ ಹೋಗುತ್ತದೆಂದು ಹೆಂಡತಿ ಇನ್ನೂ ಕೇಳಿಲ್ಲ.